‘ನಾನು’ ಎಂಬ ಪದಕ್ಕೆ ಲಿಂಗವಿಲ್ಲ

ವ್ಯಾಕರಣದ ಮೊದಲ ಪಾಠಗಳಲ್ಲಿ ಪುರುಷತ್ರಯದ ಪಾಠವೂ ಒಂದು. ಅವನು ಬಂದನು, ಅವಳು ಬಂದಳು, ಅದು ಬಂದಿತು ಎಂದು ಪ್ರಥಮಪುರುಷದಲ್ಲಿ ಕ್ರಿಯಾಪದವು ಮೂರು ದಾರಿ ಹಿಡಿಯುತ್ತದೆ. ನೀನು ಬಂದೆ, ನಾನು ಬಂದೆನು ಎಂಬಲ್ಲಿ ಈ ಕವಲುಗಳಿಲ್ಲ. ಕೊಪ್ಪಳ ಸೀಮೆಯ ಕಾಲೇಜುಗಳಲ್ಲಿ ಇದನ್ನು ನಾನು ಸುಮಾರು ಇಪ್ಪತ್ತು ವರ್ಷಗಳಿಂದ ಕಪ್ಪು ಹಲಗೆಯ ಮೇಲೆ ಬರೆಯುತ್ತ, ಅಳಿಸುತ್ತ ಬಂದಿದ್ದೇನೆ. ಇಷ್ಟು ಸರಳವಾದ ನಿಯಮದಲ್ಲಿ ಒಂದು ಜೀವದ ನೆಮ್ಮದಿಯ ಪ್ರಶ್ನೆ ಅಡಗಿರಬಹುದೆಂದು ಮಾತ್ರ ನನಗೆ ಹೊಳೆದಿರಲಿಲ್ಲ. ಅದು ಹೊಳೆದದ್ದು ತೀರ ಈಚೆಗೆ. ಅದೂ ತರಗತಿಯಲ್ಲಲ್ಲ, ಹುಲಿಗಿಯ ದಾರಿಯಲ್ಲಿ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡು ಮುಂದಿನ ಮಾತು ಹೇಳುವುದು ಮೇಲು. ನಾನು ಅಧ್ಯಾಪಕನಾಗಿ ಸೇರಿದ ಮೊದಲ ವರ್ಷಗಳಲ್ಲಿ ಪದವಿ ತರಗತಿಯೊಂದಕ್ಕೆ ಪ್ರಬಂಧದ ವಿಷಯ ಕೊಟ್ಟಿದ್ದೆ: ‘ನಿಮ್ಮನ್ನು ನೀವು ಬೇರೊಬ್ಬರೆಂದು ಎಣಿಸಿ, ಪ್ರಥಮಪುರುಷದಲ್ಲಿ ನಿಮ್ಮದೇ ವ್ಯಕ್ತಿಚಿತ್ರವನ್ನು ಬರೆಯಿರಿ.’ ಹೊಸ ಬಗೆಯ ವಿಷಯವೆಂದು ನನಗೆ ಒಳಗೊಳಗೆ ಹೆಮ್ಮೆಯೂ ಇತ್ತು. ಹಿಂದಿನ ಸಾಲಿನಲ್ಲಿ ಕೂಡುತ್ತಿದ್ದ ಹುಡುಗನೊಬ್ಬ (ಅಂದು ನಾನು ಹುಡುಗನೆಂದೇ ತಿಳಿದಿದ್ದೆ) ಎರಡು ಪುಟ ಬರೆದು ತಂದ. ದುಂಡಾದ ಅಕ್ಷರ, ಶುದ್ಧವಾದ ಕಾಗುಣಿತ. ಆದರೆ ಬರೆಹದ ಉದ್ದಕ್ಕೂ ‘ಅವಳು’. ಅವಳು ನಸುಕಿನಲ್ಲಿ ಎದ್ದು ಅಂಗಳ ಗುಡಿಸಿದಳು; ಅವಳು ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಅವ್ವನ ಬಳೆ ತೊಟ್ಟು ನೋಡಿ ಮತ್ತೆ ತೆಗೆದಿಟ್ಟಳು. ನಾನು ಕೆಂಪು ಶಾಯಿಯಲ್ಲಿ ಹನ್ನೊಂದು ಕಡೆ ‘ಅವಳು’ ಹೊಡೆದು ‘ಅವನು’ ಮಾಡಿದೆ. ಅಂಚಿನಲ್ಲಿ ‘ಲಿಂಗಪಲ್ಲಟ, ವ್ಯಾಕರಣದ ಕಡೆ ಗಮನವಿರಲಿ’ ಎಂದು ಬರೆದು, ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಬೇರೆ ಮಾತು. ಆ ಸಾಲುಗಳಲ್ಲಿ ಕೆಲವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ನಗೆ ಎದ್ದಿತು, ನಾನೂ ನಕ್ಕೆ. ಮುಂದಿನ ವಾರದಿಂದ ಆ ಜಾಗ ಬರಿದಾಯಿತು. ಹಾಜರಿ ಪುಸ್ತಕದಲ್ಲಿ ಕೆಲವು ವಾರ ಗೈರುಹಾಜರಿ ಗುರುತು ಹಾಕಿದೆ. ಆಮೇಲೆ ಹೆಸರಿನ ಮೇಲೆ ಗೆರೆ ಎಳೆದೆ.

ಕಳೆದ ವರ್ಷ ಒಂದು ಹುಣ್ಣಿಮೆಯ ದಿನ ಹುಲಿಗಿಗೆ ಹೋಗಿದ್ದೆ. ಮುನಿರಾಬಾದಿನ ಮಗ್ಗುಲಲ್ಲಿ, ತುಂಗಭದ್ರೆಯ ದಂಡೆಯ ಮೇಲಿರುವ ಹುಲಿಗೆಮ್ಮನ ಸನ್ನಿಧಿ ಈ ಭಾಗದ ಜನಕ್ಕೆ ಹೊಸದಲ್ಲ. ಸವದತ್ತಿಯ ಎಲ್ಲಮ್ಮನಂತೆ ಈ ತಾಯಿಗೂ ಮುತ್ತು ಕಟ್ಟಿಸಿಕೊಂಡ ಜೋಗಪ್ಪಗಳು, ಜೋಗತಿಯರು ಚೌಡಿಕೆ ನುಡಿಸುತ್ತ, ಭಂಡಾರ ಹಚ್ಚುತ್ತ ಅಲ್ಲಿ ಕಾಣುತ್ತಾರೆ. ಅವರ ಗುಂಪಿನಿಂದ ಒಬ್ಬಾಕೆ ಎದ್ದು ಬಂದು, ‘ಗುರ್ತು ಹತ್ತಲಿಲ್ಲೇನ್ರಿ ಸರ್?’ ಎಂದಳು. ಮುಖಕ್ಕಿಂತ ಮೊದಲು ದನಿಯ ಗುರುತು ಹತ್ತಿತು. ನಾನು ಏನನ್ನೂ ಹೇಳಲಾರದೆ ನಿಂತಿದ್ದಾಗ ಆಕೆಯೇ ಅಂದಳು: ‘ಅವತ್ತು ನೀವು ತಿದ್ದಿದ್ರಿ. ಅದು ತಪ್ಪಿರಲಿಲ್ರಿ.’ ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನಾಟುತ್ತಿರಲಿಲ್ಲ. ಈಗಲೂ ಬರೆಯುವುದುಂಟೋ ಎಂದು ಕೇಳಿದೆ. ಚೀಲದಿಂದ ಒಂದು ಲೆಕ್ಕದ ಪುಸ್ತಕ ತೆಗೆದು ತೋರಿಸಿದಳು. ಮುಂದಿನ ಹಾಳೆಗಳಲ್ಲಿ ಜೋಗಕ್ಕೆ ಹೋದಾಗ ಬಂದ ಜೋಳ, ಅಕ್ಕಿ, ರೊಕ್ಕದ ಲೆಕ್ಕ. ಹಿಂದಿನಿಂದ ತಿರುವಿದರೆ, ಅದೇ ದುಂಡಾದ ಅಕ್ಷರದಲ್ಲಿ ತುಂಬಿದ ಹಾಳೆಗಳು. ‘ರಾತ್ರಿ ನಿದ್ದಿ ಬರಲಿಲ್ಲಂದ್ರ ಬರೀತೀನ್ರಿ. ಬರದ ಮ್ಯಾಲ ಎದಿ ಒಂದೀಟು ಹಗರ ಆಗತೈತಿ.’ ನಾನು ಅಭ್ಯಾಸಬಲದಿಂದ ಕೈ ಚಾಚಿದೆ. ಆಕೆ ಪುಸ್ತಕವನ್ನು ಎದೆಗೆ ಒತ್ತಿಕೊಂಡು, ನಗುತ್ತ ಅಂದಳು: ‘ಬ್ಯಾಡ್ರಿ ಸರ್. ನೀವು ಮತ್ತ ತಿದ್ದತೀರಿ.’

ಈ ಪುಟದ ಓದುಗರಲ್ಲಿ ಬಹುಮಂದಿ ಬರೆಹವನ್ನು ಪ್ರಕಟಣೆಯ ಕಣ್ಣಿನಿಂದಲೇ ನೋಡುವವರು. ಬರೆದುದು ಅಚ್ಚಾಗಬೇಕು, ಅಚ್ಚಾದುದನ್ನು ನಾಲ್ಕು ಜನ ಮೆಚ್ಚಬೇಕು. ಇಲ್ಲವಾದರೆ ಬರೆದು ಫಲವೇನು ಎಂಬುದು ನಮ್ಮ ಎಣಿಕೆ. ಯಾರಿಗೂ ತೋರಿಸದ ಹಾಳೆಯಿಂದ ಎದೆ ಹಗುರವಾಗುವುದೆಂಬ ಆ ಮಾತನ್ನು ನಾನು ಮೊದಲು ಒಂದು ಭಾವುಕ ನುಡಿಯೆಂದೇ ತಿಳಿದೆ. ಆಮೇಲೆ ಓದಿ ನೋಡಿದಾಗ, ಅದು ಮನಶ್ಶಾಸ್ತ್ರದಲ್ಲಿ ಸುಮಾರು ನಾಲ್ಕು ದಶಕಗಳಿಂದ ಪರೀಕ್ಷೆಗೆ ಒಳಗಾಗುತ್ತಿರುವ ವಿಚಾರವೆಂದು ತಿಳಿಯಿತು.

ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಎಂಬ ಸಂಶೋಧಕರು 1986ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಾಲೇಜಿನ ವಿದ್ಯಾರ್ಥಿಗಳಲ್ಲಿ ಕೆಲವರು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಬಾಳಿನ ಅತ್ಯಂತ ನೋವಿನ ಅನುಭವವನ್ನು ಬರೆಯಬೇಕು. ಉಳಿದವರು ಯಾವುದಾದರೊಂದು ಸಾಮಾನ್ಯ ಸಂಗತಿಯನ್ನು ಬರೆಯಬೇಕು. ನಡೆದ ಸಂಗತಿಯನ್ನೂ ಅದರಿಂದ ತಮಗಾದ ಭಾವವನ್ನೂ ಒಟ್ಟಿಗೆ ಬರೆದವರು, ಮುಂದಿನ ಆರು ತಿಂಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದುದು ಉಳಿದವರಿಗಿಂತ ಕಡಿಮೆ. ಇದಾದ ಮೇಲೆ ಇಂಥ ಪ್ರಯೋಗಗಳು ಅನೇಕ ದೇಶಗಳಲ್ಲಿ ನಡೆದುವು. ಅಂಥ 146 ಅಧ್ಯಯನಗಳನ್ನು ಜೋಆನ್ ಫ್ರಾಟರೋಲಿ ಎಂಬಾಕೆ 2006ರಲ್ಲಿ ಒಟ್ಟಿಗಿಟ್ಟು ತೂಗಿ ನೋಡಿದಾಗ ಬಂದ ತೀರ್ಮಾನ ಇಷ್ಟು: ಬರೆಹದಿಂದ ಪ್ರಯೋಜನವುಂಟು; ಆದರೆ ಸರಾಸರಿಯಲ್ಲಿ ಅದು ಸಣ್ಣ ಪ್ರಯೋಜನ. ಈ ‘ಸಣ್ಣ’ ಎಂಬ ಪದವನ್ನು ನಾವು ಮರೆಯಬಾರದು. ಬರೆಹವು ಸಂಜೀವಿನಿಯಲ್ಲ. ಬರೆದ ಕೂಡಲೇ ಮನಸ್ಸು ಹಗುರವಾಗುವುದಕ್ಕೆ ಬದಲು ಇನ್ನಷ್ಟು ಕಲಕುವುದೂ ಉಂಟೆಂದು ಅದೇ ಮೊದಲ ಪ್ರಯೋಗದಲ್ಲಿಯೇ ಕಂಡುಬಂದಿತ್ತು. ಫಲ ಕಾಣುವುದು ದಿನ ಕಳೆದ ಮೇಲೆ.

ಯಾರಿಗೆ ಹೆಚ್ಚು ಫಲ ಸಿಕ್ಕಿತೆಂಬುದನ್ನು ಅರಸಿದವರಿಗೆ ದೊರೆತ ಉತ್ತರ ಭಾಷೆಯ ಅಧ್ಯಾಪಕನಾದ ನನಗೆ ವಿಶೇಷವಾಗಿ ಕಂಡಿತು. ಬರೆಯುತ್ತ ಹೋದಂತೆ ‘ಏಕೆಂದರೆ’, ‘ಈಗ ತಿಳಿಯುತ್ತದೆ’ ಎಂಬಂಥ ಪದಗಳು ಯಾರ ಬರೆಹದಲ್ಲಿ ಹೆಚ್ಚಿದುವೋ ಅವರು ಹೆಚ್ಚು ಚೇತರಿಸಿಕೊಂಡರು. ಬರಿಯ ಗೋಳು ಗೋಳಾಗಿಯೇ ಉಳಿಯದೆ, ಕಾರ್ಯಕಾರಣದ ನೂಲಿನಲ್ಲಿ ಪೋಣಿಸಿದ ಕಥೆಯಾಯಿತು. ಕ್ಯಾಂಪ್‌ಬೆಲ್ ಮತ್ತು ಪೆನ್ನೆಬೇಕರ್ 2003ರಲ್ಲಿ ಇನ್ನೊಂದನ್ನು ತೋರಿಸಿದರು. ಸರ್ವನಾಮಗಳ ಬಳಕೆ ಒಂದು ದಿನದಿಂದ ಇನ್ನೊಂದು ದಿನಕ್ಕೆ ಯಾರ ಬರೆಹದಲ್ಲಿ ಬದಲಾಗುತ್ತಿತ್ತೋ, ಎಂದರೆ ಒಂದೇ ಸಂಗತಿಯನ್ನು ಒಮ್ಮೆ ‘ನಾನು’ ಎಂದೂ ಒಮ್ಮೆ ‘ಅವರು’ ಎಂದೂ ನೋಡಬಲ್ಲವರಾಗಿದ್ದರೋ, ಅಂಥವರು ವೈದ್ಯರ ಬಳಿಗೆ ಹೋಗುವುದು ಕಡಿಮೆಯಾಗಿತ್ತು. ಸರ್ವನಾಮಕ್ಕೂ ಸ್ವಾಸ್ಥ್ಯಕ್ಕೂ ಹೀಗೊಂದು ನಂಟು ಇದ್ದೀತೆಂದು ನಮ್ಮ ವ್ಯಾಕರಣ ಪುಸ್ತಕಗಳಲ್ಲಿ ಯಾರೂ ಬರೆದಿಲ್ಲ. ಒಬ್ಬರ ಎರಡು ಪುಟಗಳಲ್ಲಿ ಹನ್ನೊಂದು ಸರ್ವನಾಮಗಳನ್ನು ಹೊಡೆದುಹಾಕಿದ ನಾನು ಏನನ್ನು ಹೊಡೆದುಹಾಕಿದೆನೆಂಬುದನ್ನು ಇದನ್ನು ಓದಿದ ಮೇಲೆ ಮತ್ತೊಮ್ಮೆ ಯೋಚಿಸಬೇಕಾಯಿತು.

ಹುಟ್ಟಿದಾಗ ಊರು ಇಟ್ಟ ಲಿಂಗವೇ ತಮ್ಮ ಅಂತರಂಗದ ಲಿಂಗವಲ್ಲವೆಂದು ಬಲ್ಲವರಿಗೂ, ಗಂಡು ಹೆಣ್ಣೆಂಬ ಎರಡರಲ್ಲಿ ಒಂದನ್ನೂ ತಮ್ಮದೆನ್ನಲಾರದವರಿಗೂ ಈ ಬಗೆಯ ಬರೆಹ ಏಕೆ ಹೆಚ್ಚಾಗಿ ಬೇಕು? ಅವರ ನೋವು ಒಂದು ದಿನದ ಆಘಾತವಲ್ಲ. ಮನೆಯಲ್ಲಿ, ಬಸ್ಸಿನಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ, ದವಾಖಾನೆಯ ಚೀಟಿಯಲ್ಲಿ ದಿನದಿನವೂ ತಮ್ಮನ್ನು ಮುಚ್ಚಿಕೊಳ್ಳಬೇಕಾದ, ಇಲ್ಲವೇ ತೋರಿಸಿಕೊಂಡು ಪೆಟ್ಟು ತಿನ್ನಬೇಕಾದ ದಣಿವು ಅದು. ಮುಚ್ಚಿಡುವುದೇ ಒಂದು ದುಡಿಮೆ. ಆ ದುಡಿಮೆಗೆ ಕೂಲಿಯಿಲ್ಲ. ಸಲಿಂಗಕಾಮಿಗಳಾದ ಕಾಲೇಜು ಯುವಕರನ್ನು ಕುರಿತು ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮ್ಮ ಒಲವಿನ ಕಾರಣದಿಂದಲೇ ಪಟ್ಟ ಕಷ್ಟವನ್ನು ಬರೆದವರು ಮೂರು ತಿಂಗಳ ಮೇಲೆ ತಮ್ಮವರೊಡನೆ ಹೆಚ್ಚು ಮುಕ್ತವಾಗಿ ಇರಬಲ್ಲವರಾಗಿದ್ದರು. ಲಿಂಗತ್ವ ಅಲ್ಪಸಂಖ್ಯಾತರನ್ನೇ ಕುರಿತ ಪ್ರಯೋಗಗಳು ಇನ್ನೂ ಕೆಲವೇ. ಆದುದರಿಂದ ದೊಡ್ಡ ಮಾತು ಆಡುವುದು ಸರಿಯಲ್ಲ. ಆದರೆ ನಮ್ಮ ನಾಡಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಉಂಟು. ಅದು ಪ್ರಯೋಗಶಾಲೆಯದಲ್ಲ, ಚರಿತ್ರೆಯದು.

ಈ ಜನರನ್ನು ಕುರಿತು ಬರೆದವರು ಯಾವಾಗಲೂ ಬೇರೆಯವರೇ. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಎರಡನೆಯ ಭಾಗವು ಇವರ ಹೆಸರುಗಳ ರಿಜಿಸ್ಟರನ್ನು ಇಡಬೇಕೆಂದು ವಿಧಿಸಿತು. ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ನೆಲ 1948ರ ವರೆಗೆ ನಿಜಾಮರ ಹೈದರಾಬಾದು ಸಂಸ್ಥಾನದೊಳಗೆ ಇತ್ತಷ್ಟೆ. ಆ ಸಂಸ್ಥಾನವೂ 1329ನೆಯ ಫಸಲಿಯಲ್ಲಿ, ಎಂದರೆ 1919ರ ಸುಮಾರಿಗೆ, ಇಂಥದೇ ಒಂದು ಕಾಯಿದೆ ಮಾಡಿತು. ಹೆಸರುಗಳನ್ನು ರಿಜಿಸ್ಟರಿನಲ್ಲಿ ಬರೆಯುವುದು. ಹೆಣ್ಣಿನ ಉಡುಗೆತೊಡುಗೆಯಲ್ಲಿ ಬೀದಿಯಲ್ಲಿ ಕಂಡರೆ, ಹಾಡಿದರೆ, ಕುಣಿದರೆ ವಾರಂಟಿಲ್ಲದೆ ಹಿಡಿಯುವುದು ಅದರ ಸಾರ. ಸಂಸ್ಥಾನ ಅಳಿದರೂ ಆ ಕಾಯಿದೆ ತೆಲಂಗಾಣದ ಕಡತಗಳಲ್ಲಿ ಉಳಿದೇ ಇತ್ತು. 2023ರ ಜುಲೈಯಲ್ಲಿ ತೆಲಂಗಾಣ ಉಚ್ಚ ನ್ಯಾಯಾಲಯ ಅದನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ನಮ್ಮ ರಾಜ್ಯದವರು ಇದರಿಂದ ಹೆಚ್ಚು ಬೀಗಬೇಕಾದುದಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ ಸೇರಿದ 36-ಎ ಕಲಮಿನಲ್ಲಿ ಮತ್ತೆ ಅದೇ ರಿಜಿಸ್ಟರಿನ ನೆರಳು ಕಾಣಿಸಿಕೊಂಡಿತು. ವಿರೋಧ ಬಂದ ಮೇಲೆ 2016ರಲ್ಲಿ ಅದರಿಂದ ಆ ಸಮುದಾಯವನ್ನು ಸೂಚಿಸುವ ಪದವನ್ನು ತೆಗೆಯಲಾಯಿತು. ಸರ್ವೋಚ್ಚ ನ್ಯಾಯಾಲಯ 2014ರ ಏಪ್ರಿಲ್ 15ರಂದು ಕೊಟ್ಟ ತೀರ್ಪಿನಲ್ಲಿ, ತನ್ನ ಲಿಂಗ ಯಾವುದೆಂದು ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದು ಸಾರಿತು. ಒಂದು ಜನವರ್ಗಕ್ಕೆ ‘ನಾನು’ ಎಂದು ತಾನೇ ಹೇಳುವ ಅಧಿಕಾರವನ್ನು ಒಪ್ಪಿಸಲು ನ್ಯಾಯಾಲಯದ ಮೆಟ್ಟಿಲು ಏರಬೇಕಾಯಿತು.

ಪೊಲೀಸರ ರಿಜಿಸ್ಟರಿನಲ್ಲಿಯೂ ನನ್ನ ಹಾಜರಿ ಪುಸ್ತಕದಲ್ಲಿಯೂ ಬರೆದವರು ಒಬ್ಬರು, ಬರೆಸಿಕೊಂಡವರು ಇನ್ನೊಬ್ಬರು. ಆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಮಾತ್ರ ಇಬ್ಬರೂ ಒಬ್ಬರೇ.

ಸಂಪ್ರದಾಯವು ಇವರಿಗೆ ಒಂದು ಸ್ಥಾನ ಕೊಟ್ಟಿದೆಯಲ್ಲ ಎಂದು ಕೆಲವರು ಕೇಳಿಯಾರು. ಕೊಟ್ಟಿದೆ, ಅದನ್ನು ಅಲ್ಲಗಳೆಯಲಾಗದು. ಮಗ ಸೀರೆ ಉಟ್ಟನೆಂದು ಹೊಡೆದ ತಂದೆಯೇ, ಮುತ್ತು ಕಟ್ಟಿಸಿದ ಮೇಲೆ ಅದೇ ಮಗುವಿನ ಕಾಲಿಗೆ ಬೀಳುವುದನ್ನು ಈ ಸೀಮೆ ಕಂಡಿದೆ. ಆದರೆ ಅಲ್ಲಿ ಒಂದು ಕರಾರು ಇದೆ. ಮೈಮೇಲೆ ತಾಯಿ ಬಂದಿದ್ದಾಳೆ ಎಂದರೆ ಮಾತ್ರ ಊರು ಒಪ್ಪುತ್ತದೆ. ‘ನಾನೇ ಹೀಗೆ’ ಎಂದರೆ ಒಪ್ಪುವುದಿಲ್ಲ. ದೇವಿಯ ಮಾತನ್ನು ಕೈಮುಗಿದು ಕೇಳುವ ಜನ, ದೇವಿ ಇಳಿದ ಮೇಲೆ ಉಳಿಯುವ ಮನುಷ್ಯಳ ಮಾತನ್ನು ಕೇಳಲು ನಿಲ್ಲುವುದಿಲ್ಲ. ಓದಿ ಗುಮಾಸ್ತೆಯೋ ದಾದಿಯೋ ಶಿಕ್ಷಕಿಯೋ ಆಗಬೇಕೆಂಬ ಆಸೆಯಿದ್ದವರಿಗೆ ಈ ಸ್ಥಾನ ಏನನ್ನೂ ಕೊಡುವುದಿಲ್ಲ. ಚೌಡಿಕೆಯ ಹಾಡು ದೊಡ್ಡ ಕಲೆ. ಆದರೆ ಅದರಲ್ಲಿ ಮಾತನಾಡುವವಳು ಎಲ್ಲಮ್ಮ. ರಾತ್ರಿ ನಿದ್ದೆ ಬಾರದವಳು ಬೇರೆಯವಳು. ಅವಳಿಗೆ ಬೇರೊಂದು ಹಾಳೆ ಬೇಕು.

ಇಂಥ ಹಾಳೆಗಳು ಕನ್ನಡದಲ್ಲಿ ಇಲ್ಲವೆನ್ನುವಂತಿಲ್ಲ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿ, ಇದೇ ಹುಲಿಗಿಯಲ್ಲಿ 1975ರಲ್ಲಿ ದೀಕ್ಷೆ ಪಡೆದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದನ್ನೂ, 2021ರಲ್ಲಿ ಪದ್ಮಶ್ರೀ ಪಡೆದುದನ್ನೂ ಎಲ್ಲರೂ ಬಲ್ಲರು. ಅವರು ಹೇಳಿದ ಬಾಳಕಥೆಯನ್ನು ಅರುಣ್ ಜೋಳದಕೂಡ್ಲಿಗಿಯವರು ‘ನಡುವೆ ಸುಳಿವ ಹೆಣ್ಣು’ ಎಂಬ ಪುಸ್ತಕವಾಗಿ ನಿರೂಪಿಸಿದ್ದಾರೆ. ಆ ಹೆಸರು ದಾಸಿಮಯ್ಯನ ಪ್ರಸಿದ್ಧ ವಚನವೊಂದನ್ನು ನೆನಪಿಗೆ ತರುತ್ತದೆ. ದೇಹದ ಕುರುಹುಗಳಿಂದ ಗಂಡು ಹೆಣ್ಣೆಂದು ಕರೆಯುವ ಲೋಕಕ್ಕೆ ಆತ್ಮದ ಲಿಂಗ ಯಾವುದೆಂದು ಅವನು ಸಾವಿರ ವರ್ಷಗಳಷ್ಟು ಹಿಂದೆಯೇ ಕೇಳಿದ್ದ. ತಮಿಳುನಾಡಿನಿಂದ ಬೆಂಗಳೂರಿಗೆ ಬಂದು ನೆಲೆಸಿ ದುಡಿದ ಎ. ರೇವತಿಯವರು ಮೊದಲು ತಮ್ಮ ಸಮುದಾಯದ ಇತರರ ಕಥೆಗಳನ್ನು ಸಂಗ್ರಹಿಸಿ ಪುಸ್ತಕ ಮಾಡಿದರು. ಆಮೇಲೆ ತಮ್ಮ ಕಥೆಯನ್ನು ತಾವೇ ಬರೆದರು. ತಮಿಳಿನಲ್ಲಿ ಬರೆದ ಅದು 2010ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು, ದು. ಸರಸ್ವತಿಯವರು ಅದನ್ನು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಅದು ನಾಟಕವಾಗಿ ರಂಗಕ್ಕೂ ಏರಿತು. 2015ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಡೆದ ಅಕ್ಕೈ ಪದ್ಮಶಾಲಿಯವರ ಬಾಳಕಥೆಯೂ ಪುಸ್ತಕವಾಗಿದೆ. ಅದರ ಹೆಸರಿನಲ್ಲೇ ‘ಕರುಣೆಗೊಂದು ಸವಾಲು’ ಎಂಬ ಮಾತಿದೆ. ಈ ಮೂರನ್ನೂ ಒಟ್ಟಿಗೆ ಓದಿದವರಿಗೆ ತಿಳಿಯುವ ಸಂಗತಿಯೆಂದರೆ, ಇವರು ಬಯಸುವುದು ಮರುಕವನ್ನಲ್ಲ. ತಮ್ಮ ಬಾಳಿನ ಕಾರ್ಯಕಾರಣಗಳನ್ನು ತಾವೇ ಹೇಳುವ ಅವಕಾಶವನ್ನು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರುಕೇರಿ’ ನಮ್ಮ ತರಗತಿಗಳ ಒಳಗೆ ಬಂದ ಮೇಲೆ ಎಷ್ಟೋ ವಿದ್ಯಾರ್ಥಿಗಳು ತಮ್ಮ ಮನೆಯ ಮಾತನ್ನು ನಾಚದೆ ಬರೆಯಲು ಕಲಿತರು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ಪುಸ್ತಕಗಳೂ ಅದೇ ಕೆಲಸ ಮಾಡಬಲ್ಲವು.

ನಮ್ಮ ಭಾಷೆಯೂ ಇದಕ್ಕೆ ಅನುಕೂಲವಾಗಿದೆ. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಮೂರಲ್ಲ, ಒಂಬತ್ತು ಲಿಂಗಗಳನ್ನು ಹೇಳುತ್ತಾನೆ. ‘ಸೂರ್ಯ ಮೂಡಿದನು’ ಎಂದರೂ ಸರಿ, ‘ಸೂರ್ಯ ಮೂಡಿತು’ ಎಂದರೂ ಸರಿ ಎಂದು ಪುನ್ನಪುಂಸಕಕ್ಕೆ ಉದಾಹರಣೆ ಕೊಟ್ಟು ನಾವು ಪಾಠ ಹೇಳುತ್ತೇವೆ. ಅವನ ವಿಚಾರ ಶಬ್ದಗಳದು, ಮನುಷ್ಯರದಲ್ಲ. ಒಂದನ್ನು ಇನ್ನೊಂದಕ್ಕೆ ನೇರವಾಗಿ ಅಂಟಿಸಿದರೆ ಪಾಂಡಿತ್ಯಕ್ಕೆ ಅಪಚಾರವಾದೀತು. ಆದರೂ ಅದೇ ‘ಒಂಬತ್ತು’ ಎಂಬ ಸಂಖ್ಯೆಯನ್ನು ನಮ್ಮ ಬೀದಿಯ ಹುಡುಗರು ಇವರನ್ನು ಹಳಿಯಲು ಬಳಸುವುದನ್ನು ಕೇಳಿದಾಗ, ವೈಯಾಕರಣನ ಔದಾರ್ಯಕ್ಕೂ ಬೀದಿಯ ಬೈಗುಳಕ್ಕೂ ಇರುವ ದೂರ ಮನಸ್ಸಿಗೆ ಚುಚ್ಚುತ್ತದೆ. ಹಿಂದಿಯಲ್ಲಿಯೂ ಉರ್ದುವಿನಲ್ಲಿಯೂ ‘ನಾನು ಹೋಗುತ್ತೇನೆ’ ಎನ್ನಬೇಕಾದರೆ ಗಂಡಸು ಒಂದು ಬಗೆಯಾಗಿ, ಹೆಂಗಸು ಇನ್ನೊಂದು ಬಗೆಯಾಗಿ ಹೇಳಬೇಕು. ಮರಾಠಿಯಲ್ಲಿ ‘ಮೀ ಜಾತೋ’ ಬೇರೆ, ‘ಮೀ ಜಾತೇ’ ಬೇರೆ. ಬಾಯಿ ತೆರೆದ ಕೂಡಲೇ ಲಿಂಗವನ್ನು ಒಪ್ಪಿಸಬೇಕು. ಕನ್ನಡದ ‘ನಾನು ಹೋಗುತ್ತೇನೆ’ ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ. ನಾನು ಅಂದು ಪ್ರಥಮಪುರುಷದಲ್ಲಿ ಬರೆಯಿರಿ ಎಂದು ಪಟ್ಟು ಹಿಡಿಯದೆ, ಉತ್ತಮಪುರುಷದಲ್ಲಿ ಬರೆಯಬಿಟ್ಟಿದ್ದರೆ ಆ ವಿದ್ಯಾರ್ಥಿ ‘ಅವಳು’ ಎಂದು ಬಯಲಿಗೆ ಬರಬೇಕಾದ ಅಗತ್ಯವೂ ಇರಲಿಲ್ಲ, ನನ್ನ ಕೆಂಪು ಶಾಯಿಗೆ ಎಡೆಯೂ ಇರಲಿಲ್ಲ.

ಇಲ್ಲಿ ಕೆಲವು ಆಕ್ಷೇಪಣೆಗಳಿಗೆ ಉತ್ತರ ಹೇಳಬೇಕು. ಮೊದಲನೆಯದು: ಅಕ್ಷರ ಬಾರದವರು ಬರೆಯುವುದು ಹೇಗೆ? ನ್ಯಾಯವಾದ ಪ್ರಶ್ನೆ. 2011ರ ಜನಗಣತಿಯಲ್ಲಿ ಮೊದಲ ಬಾರಿಗೆ ‘ಇತರ’ ಎಂಬ ಕಾಲಂ ಬಂದಾಗ ದೇಶದಲ್ಲಿ ಸುಮಾರು 4.88 ಲಕ್ಷ ಜನ, ಕರ್ನಾಟಕದಲ್ಲಿ 20 ಸಾವಿರಕ್ಕೂ ಮಿಕ್ಕಿ ಜನ ಅದರಲ್ಲಿ ದಾಖಲಾದರು. ಅವರಲ್ಲಿ ಸಾಕ್ಷರರು ನೂರಕ್ಕೆ ಸುಮಾರು 56. ಒಟ್ಟು ಜನರಲ್ಲಿ ಅದು 74. ಶಾಲೆ ಬಿಡಿಸಿದವರು ನಾವೇ ಎಂಬುದನ್ನು ಈ ಅಂತರ ಹೇಳುತ್ತದೆ. ಆದರೆ ಬಾಯಲ್ಲಿ ಹೇಳಿ ಇನ್ನೊಬ್ಬರಿಂದ ಬರೆಸುವುದೂ ಬರೆಹವೇ. ಮಂಜಮ್ಮನವರ ಪುಸ್ತಕವೇ ಅದಕ್ಕೆ ಸಾಕ್ಷಿ. ಬರೆದುಕೊಡುವ ಕೈ ನಂಬಿಕೆಗೆ ಅರ್ಹವಾಗಿರಬೇಕು. ಬರೆದುದನ್ನು ಓದಿ ಹೇಳಿ, ಹೇಳಿದವರ ಒಪ್ಪಿಗೆ ಪಡೆಯಬೇಕು. ಹಾಳೆ ಹೇಳಿದವರ ಬಳಿಯೇ ಇರಬೇಕು.

ಎರಡನೆಯದು: ಹೊಟ್ಟೆಗೆ ರೊಟ್ಟಿಯಿಲ್ಲದವರಿಗೆ ನೋಟುಬುಕ್ಕು ಏತಕ್ಕೆ? ಈ ಮಾತನ್ನು ನಾನು ತಲೆಬಾಗಿ ಒಪ್ಪುತ್ತೇನೆ. ಮನೆ, ಕೆಲಸ, ಪಿಂಚಣಿ, ಆಸ್ಪತ್ರೆಯಲ್ಲಿ ಮರ್ಯಾದೆ, ಇವುಗಳ ಬದಲಿಗೆ ಯಾರಾದರೂ ಬರೆಹವನ್ನು ಮುಂದೊಡ್ಡಿದರೆ ಅದು ವಂಚನೆ. ರಾಜ್ಯ ಸರಕಾರ 2017ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ನೀತಿಯನ್ನು ಪ್ರಕಟಿಸಿತು; 2021ರಲ್ಲಿ ಸರಕಾರಿ ನೌಕರಿಯಲ್ಲಿ ಶೇಕಡಾ 1ರ ಮೀಸಲಾತಿ ಕೊಟ್ಟಿತು. ಕಾಗದದ ಮೇಲಿನ ಆ ಮಾತು ನಮ್ಮ ತಾಲ್ಲೂಕುಗಳ ಬಾಗಿಲಿಗೆ ಬರುವಂತೆ ಒತ್ತಾಯಿಸುವುದು ಮೊದಲ ಕೆಲಸ. ಆದರೆ ರೊಟ್ಟಿ ಬರುವವರೆಗೆ ಮನಸ್ಸು ಕಾದಿರಲಿ ಎನ್ನುವುದೂ ಸರಿಯಲ್ಲ. ಆ ನೌಕರಿಯ ಅರ್ಜಿಯನ್ನು ತುಂಬಬೇಕಾದವರೂ ತಮ್ಮ ಹೆಸರನ್ನು ತಾವೇ ಹೆದರದೆ ಬರೆಯಬಲ್ಲವರಾಗಬೇಕಲ್ಲವೆ?

ಮೂರನೆಯ ಆಕ್ಷೇಪಣೆ ಎಲ್ಲಕ್ಕಿಂತ ಗಂಭೀರವಾದುದು: ಬರೆದ ಹಾಳೆ ಬೇಡದ ಕೈಗೆ ಸಿಕ್ಕರೆ? ಎಷ್ಟೋ ಮನೆಗಳಲ್ಲಿ ಒಂದು ಹಾಳೆ ಹೊರಬಿದ್ದರೆ ಹೊಡೆತ, ಮನೆಯಿಂದ ಉಚ್ಚಾಟನೆ, ಬಲವಂತದ ಮದುವೆ ಮುಂತಾದ ಅನಾಹುತಗಳು ನಡೆಯಬಹುದು. ಆದುದರಿಂದ ಬರೆಯಿರಿ ಎಂದು ಹೇಳುವವರ ಹೊಣೆ ದೊಡ್ಡದು. ಬರೆದು ಹರಿದುಹಾಕಿದರೂ ಬರೆದುದರ ಫಲ ನಷ್ಟವಾಗುವುದಿಲ್ಲವೆಂದು ಹೇಳಬೇಕು. ಇಟ್ಟುಕೊಳ್ಳುವುದೋ ಸುಡುವುದೋ ಬರೆದವರ ಇಷ್ಟ. ಬರೆಯುತ್ತ ಮನಸ್ಸು ತಾಳಲಾರದಷ್ಟು ಕುದಿದರೆ ಅಲ್ಲಿಯೇ ನಿಲ್ಲಿಸಬೇಕು. ಬದುಕೇ ಬೇಡವೆನಿಸಿದವರಿಗೆ ಹಾಳೆ ಸಾಲದು, ಮನುಷ್ಯರು ಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಎಂಬ ಸಂಖ್ಯೆಯಲ್ಲಿ ಕನ್ನಡದಲ್ಲಿಯೇ, ಹಣ ತೆರದೆ ಮಾತನಾಡಬಹುದು. ಅಧ್ಯಾಪಕರಾದವರು ಈ ಸಂಖ್ಯೆಯನ್ನು ತಮ್ಮ ಹಲಗೆಯ ಮೂಲೆಯಲ್ಲಿ ಬರೆದಿಡಲಿ. ಅದು ಯಾರಿಗೆಂದು ಹೇಳಬೇಕಾದುದಿಲ್ಲ.

ಹಾಗಾದರೆ ನಾವು ಮಾಡಬಹುದಾದುದೇನು? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಊರುಗಳ ಪದವಿ ಕಾಲೇಜುಗಳ ಕನ್ನಡ ವಿಭಾಗಗಳ ಮುಂದೆ ನನ್ನ ಸಲಹೆಗಳು ಇಷ್ಟೆ. ವಾರಕ್ಕೊಮ್ಮೆ ಒಂದು ತಾಸು ಬಿಡುಬರೆಹಕ್ಕೆ ಇರಲಿ. ಅದು ಎಲ್ಲ ವಿದ್ಯಾರ್ಥಿಗಳಿಗೂ ಇರಲಿ. ಯಾರನ್ನೂ ಬೆರಳಿಟ್ಟು ಬೇರೆ ಕೂರಿಸುವುದು ಬೇಡ, ಹಾಗೆ ಕೂರಿಸುವುದೇ ಒಂದು ರಿಜಿಸ್ಟರು. ಬರೆದುದಕ್ಕೆ ಅಂಕವಿಲ್ಲ, ತಿದ್ದುವಿಕೆಯಿಲ್ಲ. ಬರೆದವರು ತಾವಾಗಿ ಕೊಟ್ಟ ಹೊರತು ಅಧ್ಯಾಪಕರು ಓದುವುದಿಲ್ಲ. ಬರೆಯಲು ಮನಸ್ಸಿಲ್ಲದವರು ಸುಮ್ಮನೆ ಕೂಡಬಹುದು. ನಾನು ಮೇಲೆ ಹೇಳಿದ ಮೂರು ಪುಸ್ತಕಗಳು ಗ್ರಂಥಾಲಯದ ಕಪಾಟಿನಲ್ಲಿ, ಕೇಳದೆ ತೆಗೆದುಕೊಳ್ಳಬಹುದಾದ ಜಾಗದಲ್ಲಿ ಇರಲಿ. ಓದು ಬಿಟ್ಟುಹೋದ ವಯಸ್ಕರಿಗೆ ತಿಂಗಳಿಗೊಂದು ಭಾನುವಾರ ಕಾಲೇಜಿನ ಒಂದು ಕೊಠಡಿಯ ಬಾಗಿಲು ತೆರೆದಿರಲಿ. ಹುಲಿಗಿಯಿಂದ ಕೊಪ್ಪಳಕ್ಕೆ ದೂರವೇನೂ ಅಲ್ಲ. ಇದಕ್ಕೆ ಅನುದಾನ ಬೇಡ, ಸುತ್ತೋಲೆ ಬೇಡ. ಒಂದು ಬಾಗಿಲಿನ ಕೀಲಿ, ಒಂದಿಷ್ಟು ಹಾಳೆ, ಬಾಯಿ ಮುಚ್ಚಿಕೊಂಡು ಕೂಡಬಲ್ಲ ಒಬ್ಬ ಅಧ್ಯಾಪಕ ಸಾಕು. ಕೊನೆಯದು ಸಿಕ್ಕುವುದು ಕಷ್ಟವೆಂದು ನಾನು ಸ್ವಾನುಭವದಿಂದ ಬಲ್ಲೆ.

ಈ ಊರು ಬರೆಹಕ್ಕೆ ಹಳೆಯದು. ಗವಿಮಠದ ಬಂಡೆಯ ಮೇಲೆಯೂ ಪಾಲ್ಕಿಗುಂಡಿನ ಮೇಲೆಯೂ ಅಶೋಕನ ಶಾಸನಗಳಿವೆ. ಕನ್ನಡದ ತಿರುಳು ಇರುವ ನಾಡನ್ನು ಹೇಳುವಾಗ ‘ಕವಿರಾಜಮಾರ್ಗ’ ಹೆಸರಿಸುವ ಊರುಗಳಲ್ಲಿ ನಮ್ಮ ಕೊಪಣವೂ ಒಂದು. ಸಾಹಿತ್ಯ ಸಮ್ಮೇಳನದ ವೇದಿಕೆಗಳಲ್ಲಿ ಈ ಮಾತನ್ನು ಹೇಳಿ ನಾವು ಚಪ್ಪಾಳೆ ಗಿಟ್ಟಿಸುತ್ತೇವೆ. ತಿರುಳ್ಗನ್ನಡದ ನಾಡಿನಲ್ಲಿ ಒಬ್ಬಾಕೆ ತನ್ನ ಬಾಳನ್ನು ಬರೆಯಲು ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳನ್ನು ಹುಡುಕಬೇಕಾಯಿತೆಂಬುದನ್ನೂ ಅದರ ಜೊತೆಗೆ ಹೇಳುವ ಧೈರ್ಯ ನಮಗೆ ಬರಬೇಕು.

ಮುಂದಿನ ಹುಣ್ಣಿಮೆಗೆ ಮತ್ತೆ ಹೋಗಬೇಕೆಂದಿದ್ದೇನೆ. ಗೆರೆ ಹಾಕಿದ ಎರಡು ನೂರು ಪುಟದ ನೋಟುಬುಕ್ಕೊಂದನ್ನು ಕೊಂಡಿಟ್ಟಿದ್ದೇನೆ. ಆಕೆಗೆ ಬೇಕಾದರೆ ಕೊಡುತ್ತೇನೆ. ಓದಲು ಕೊಡು ಎಂದು ಕೇಳುವುದಿಲ್ಲ. ಆ ಎರಡು ಪುಟಗಳ ಪ್ರಬಂಧ ಈಗ ನನ್ನ ಬಳಿ ಇಲ್ಲ. ಇದ್ದಿದ್ದರೆ ಅದನ್ನೂ ಹಿಂದಿರುಗಿಸಬಹುದಿತ್ತು. ಹನ್ನೊಂದು ಕಡೆಯೂ ‘ಅವಳು’ ಎಂಬುದೇ ಸರಿಯೆಂದು ಅಂಚಿನಲ್ಲಿ ಬರೆದು, ಕೆಳಗೆ ರುಜು ಹಾಕಿ.